ಆವತಿಗೆ ಬಂದ ಏಳು ಬಂಡಿಗಳು

ಕೆಂಪೇಗೌಡರ ಹೆಸರು ನಾಡಿಗೆಲ್ಲ ಗೊತ್ತು. ಅವರ ಹಿರೀಕರು ಬಂಡಿ ಬಿಟ್ಟ ಊರು ಎಷ್ಟು ಜನಕ್ಕೆ ಗೊತ್ತು? ದೇವನಹಳ್ಳಿ ತಾಲ್ಲೂಕಿನ ಆವತಿಯಿಂದ ಕವಲೊಡೆದ ಒಂದೇ ಬಳಗ ಸುತ್ತಲಿನ ಅರ್ಧ ಡಜನ್ ಕೋಟೆ ಪೇಟೆಗಳನ್ನು ಕಟ್ಟಿತು. ಆ ಬಳಗದ ಜಾಡು ಶಾಸನಗಳಲ್ಲಿದೆ, ಮನೆದೇವರಲ್ಲಿದೆ, ವಂಶದ ಕಥೆ ಹೇಳುವ ಹೆಳವರ ಬಾಯಲ್ಲಿದೆ. ಹುಡುಕುವವರು ಬೇಕು, ಅದೂ ಬೇಗ ಬೇಕು.

ಕಗ್ಗತ್ತಲು. ಎದುರಿಗೆ ಪಾಲಾರ್ ತುಂಬಿ ಹರಿಯುತ್ತಿದೆ. ಹಿಂದಿನಿಂದ ಬೆನ್ನಟ್ಟಿ ಬರುವವರ ಸದ್ದು. ದಡದಲ್ಲಿ ಬಂಡಿಗಳು ಸಾಲುಗಟ್ಟಿ ನಿಂತಿವೆ. ಒಳಗೆ ಹೆಂಗಸರು, ಮಕ್ಕಳು, ಕಟ್ಟಿಕೊಂಡು ಬಂದಷ್ಟು ಪಾತ್ರೆ ಪದಾರ್ಥ. ಬಂಡಿಯಿಂದ ಇಳಿದ ಹುಡುಗಿಯೊಬ್ಬಳು ನೀರಿನ ಅಂಚಿಗೆ ಹೋಗಿ ಗಂಗಮ್ಮನಿಗೆ ಕೈ ಮುಗಿಯುತ್ತಾಳೆ. ಕಿವಿಯ ಒಡವೆ ಬಿಚ್ಚಿ ಹೊಳೆಗೆ ಹಾಕುತ್ತಾಳೆ. ನೀರು ಎರಡಾಗಿ ಸೀಳಿ ದಾರಿ ಬಿಡುತ್ತದೆ. ಬಂಡಿಗಳು ಆಚೆ ದಡ ಮುಟ್ಟುವ ಹೊತ್ತಿಗೆ ಹೊಳೆ ಮತ್ತೆ ಕೂಡಿಕೊಂಡಿದೆ. ಬೆನ್ನಟ್ಟಿದವರು ಈಚೆ ದಡದಲ್ಲೇ ಉಳಿದರು.

ಹುಡುಗಿಯ ಹೆಸರು ದೊಡ್ಡಮ್ಮ. ಅಪ್ಪ ರಣಭೈರೇಗೌಡ. ಕಾಂಚಿಯ ಸೀಮೆಯಲ್ಲಿ ಬಲಾಢ್ಯನೊಬ್ಬ ಆಕೆಯನ್ನು ಮದುವೆಗೆ ಕೇಳಿದ. ಕೊಡಲು ಮನೆಯವರಿಗೆ ಮನಸ್ಸಿಲ್ಲ, ಇಲ್ಲ ಎನ್ನುವ ಶಕ್ತಿಯೂ ಇಲ್ಲ. ರಾತ್ರೋರಾತ್ರಿ ಏಳು ಮನೆಯವರು ಏಳು ಬಂಡಿ ಹೂಡಿದರು. ಹಾಗೆ ಹೊರಟವರು ನಂದಿದುರ್ಗದ ಪೂರ್ವಕ್ಕಿರುವ ರಾಮಸ್ವಾಮಿ ಬೆಟ್ಟದ ಬುಡದಲ್ಲಿ ಬಂಡಿ ಬಿಟ್ಟು, ಕೊನೆಗೆ ಆವತಿಯಲ್ಲಿ ನೆಲೆ ನಿಂತರು. ಕಥೆ ಹೇಳುವ ಕಾಲ 14ನೇ ಶತಮಾನದ ಕೊನೆ ಅಥವಾ 15ರ ಆರಂಭ.

ಪ್ರತಿ ವರ್ಷ ಜೂನ್ 27 ಕೆಂಪೇಗೌಡ ಜಯಂತಿ. ಬೆಂಗಳೂರು ವಿಮಾನ ನಿಲ್ದಾಣದ ಅಂಗಳದಲ್ಲಿ 2022ರ ನವೆಂಬರ್ 11ರಂದು ಅನಾವರಣಗೊಂಡ 108 ಅಡಿಯ ಪ್ರತಿಮೆಗೆ ಅಂದು ಹಾರ ಬೀಳುತ್ತದೆ. ಅಲ್ಲಿಂದ ಹೈದರಾಬಾದ್ ಹೆದ್ದಾರಿ ಹಿಡಿದು ದೇವನಹಳ್ಳಿ ದಾಟಿದರೆ ಆವತಿ ಸಿಗುತ್ತದೆ. ತಿಮ್ಮರಾಯಸ್ವಾಮಿಯ ಬೆಟ್ಟ ರಸ್ತೆಯಿಂದಲೇ ಕಾಣುತ್ತದೆ. ನಂದಿ ಬೆಟ್ಟಕ್ಕೆ ಸೂರ್ಯೋದಯ ನೋಡಲು ಧಾವಿಸುವ ಕಾರುಗಳಲ್ಲಿ ಆವತಿಯ ಬಳಿ ನಿಲ್ಲುವವು ತೀರಾ ಕಡಿಮೆ. ಬೆಂಗಳೂರಿಗೆ ತಾಯಿಬೇರಿನಂಥ ಊರು ಇದು. ಇದಕ್ಕೆ ಇಷ್ಟು ಕಡಿಮೆ ಗಮನ ಸಲ್ಲುತ್ತಿರುವುದು ನನಗೆ ನಿಜವಾಗಿಯೂ ಸಂಕಟದ ಸಂಗತಿ.

ಹೊಳೆಯ ಮೂಲಕ್ಕೆ ಬಂದವರು

ಹೊಳೆ ಇಬ್ಭಾಗವಾಗುವ ಕಥೆ ಆವತಿಯವರದ್ದು ಮಾತ್ರವಲ್ಲ. ಕುಂಚಿಟಿಗರ ವಲಸೆಯ ಕಥೆಯಲ್ಲೂ, ತೆಲುಗು ಸೀಮೆಯ ಕೆಲವು ಒಕ್ಕಲು ಕುಲಗಳ ಕಥೆಗಳಲ್ಲೂ ಹುಡುಗಿಗಾಗಿ ಊರು ಬಿಡುವುದು, ನೀರು ದಾರಿ ಬಿಡುವುದು ಬರುತ್ತದೆ. ಹಾಗೆಂದು ಇದನ್ನು ಕಟ್ಟುಕಥೆ ಎಂದು ಬದಿಗಿಡುವುದು ಅವಸರದ ತೀರ್ಮಾನ.

ನಕ್ಷೆ ಬಿಡಿಸಿ ನೋಡಿ. ಪಾಲಾರ್ ಹುಟ್ಟುವುದು ನಂದಿ ಬೆಟ್ಟಸಾಲಿನ ಆಸುಪಾಸಿನಲ್ಲೇ. ಕೋಲಾರದ ಬಯಲಿನಲ್ಲಿ ಹರಿದು, ಆಂಧ್ರದ ಮೂಲೆ ದಾಟಿ, ವೆಲ್ಲೂರಿನ ಮೇಲೆ ಹಾದು ಕಾಂಚಿಯ ಪಕ್ಕದಲ್ಲಿ ಕಡಲಿನತ್ತ ಹೋಗುತ್ತದೆ. ಕಾಂಚಿಯಿಂದ ಎತ್ತಿನ ಬಂಡಿಯಲ್ಲಿ ಹೊರಟವರಿಗೆ ಎತ್ತಿಗೆ ನೀರು, ಮೇವು ಸಿಗುವ ದಾರಿ ಹೊಳೆಯ ದಾರಿಯೇ. ಆ ಹೊಳೆಯನ್ನು ಎದುರುಮುಖವಾಗಿ ಹಿಡಿದು ಬಂದರೆ ಕೊನೆಗೆ ತಲುಪುವುದು ನಂದಿಯ ತಪ್ಪಲು. ಕಥೆ ದಾರಿಯನ್ನಂತೂ ಸರಿಯಾಗಿ ನೆನಪಿಟ್ಟುಕೊಂಡಿದೆ.

ಅವರು ಆರಿಸಿಕೊಂಡ ಜಾಗದ ವಿಶೇಷವೂ ಅದೇ. ಪಾಲಾರ್, ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ ಎಲ್ಲವೂ ಈ ಬೆಟ್ಟಗಳ ಸುತ್ತಲೇ ಕಣ್ಣು ಬಿಡುತ್ತವೆ. ಇಲ್ಲಿ ನೀರು ಹುಟ್ಟುತ್ತದೆ, ಆದರೆ ನಿಲ್ಲುವುದಿಲ್ಲ; ಇಳಿಜಾರು ಸಿಕ್ಕ ಕಡೆಗೆ ಓಡಿಹೋಗುತ್ತದೆ. ಬೇಸಾಯ ಮಾಡಬೇಕೆಂದರೆ ಏರಿ ಕಟ್ಟಿ ತಡೆಯಬೇಕು. ಆದ್ದರಿಂದಲೇ ಈ ಮನೆತನದವರು ಹೋದಲ್ಲೆಲ್ಲ ಕೋಟೆಯ ಜೊತೆಗೆ ಕೆರೆ, ಪೇಟೆಯ ಜೊತೆಗೆ ಗುಡಿ. ಹೊಸಕೋಟೆಯ ದೊಡ್ಡ ಕೆರೆಯ ಏರಿ ಸುಮಾರು ಎರಡು ಮೈಲಿ. ತುಂಬಿದರೆ ಸುತ್ತಳತೆ ಹತ್ತು ಮೈಲಿ ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ನಂದಿಯ ಬದಿಯಿಂದ ಇಳಿದ ದಕ್ಷಿಣ ಪಿನಾಕಿನಿಯೇ ಅದಕ್ಕೆ ನೀರು.

ಕವಲು ಕವಲಾಗಿ

ಆವತಿಯಲ್ಲಿ ಬೇರೂರಿದ ಮೇಲೆ ಬಳಗ ಹರಡಿತು. ಜಯಗೌಡ ಯಲಹಂಕಕ್ಕೆ ಹೋದ. 1418ರಿಂದ ಅವನ ಆಳ್ವಿಕೆಯನ್ನು ಎಣಿಸುತ್ತಾರೆ. ಅವನ ಪೀಳಿಗೆಯಲ್ಲಿ ಹುಟ್ಟಿದ ಕೆಂಪೇಗೌಡ 1537ರಲ್ಲಿ ಬೆಂಗಳೂರಿನ ಕೋಟೆ ಪೇಟೆಗೆ ಗುದ್ದಲಿ ಹಾಕಿಸಿದ್ದು ಎಲ್ಲರೂ ಬಲ್ಲ ಕಥೆ.

ಮಲ್ಲಭೈರೇಗೌಡ 1501ರಲ್ಲಿ ದೇವನಹಳ್ಳಿಯಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ. ದೊಡ್ಡಬಳ್ಳಾಪುರವೂ ಅವನ ಹೆಸರಿಗೇ ಇದೆ: ಹಸುವೊಂದು ದಿನವೂ ಹುತ್ತದ ಮೇಲೆ ಹಾಲು ಕರೆಯುವುದನ್ನು ಕಂಡು ಅಲ್ಲಿ ಊರು ಕಟ್ಟಿಸಿದನಂತೆ. ಅವನ ಮಗ ಮರಿಗೌಡ ಕೋಡಿ ಮಂಚೇನಹಳ್ಳಿಯ ಕಾಡಿನಲ್ಲಿ ಬೇಟೆನಾಯಿಗಳಿಗೆ ಮೊಲವೊಂದು ತಿರುಗಿ ನಿಂತದ್ದನ್ನು ನೋಡಿದ. ಆ ಗಂಡುಮೆಟ್ಟಿನ ನೆಲವೇ ಚಿಕ್ಕಬಳ್ಳಾಪುರವಾಯಿತು. ಮತ್ತೊಂದು ಕವಲು ಹೊಳವನಹಳ್ಳಿ, ಕೊರಟಗೆರೆಯ ಕಡೆಗೆ. ಇನ್ನೊಂದು ಸುಗಟೂರಿಗೆ. ಸುಗಟೂರಿನ ತಮ್ಮೇಗೌಡ ವಿಜಯನಗರದ ಅರಸರಿಂದ ಚಿಕ್ಕರಾಯ ಎಂಬ ಬಿರುದು ಪಡೆದು 1595ರ ಸುಮಾರಿಗೆ ಹೊಸಕೋಟೆ ಕಟ್ಟಿಸಿದ.

ಓದಲು ಸೊಗಸಾಗಿದೆ. ಆದರೆ ವಂಶಾವಳಿಯನ್ನು ಕೂಡಿಸಲು ಕೂತವರಿಗೆ ತೊಡಕು ಶುರುವಾಗುವುದೇ ಇಲ್ಲಿಂದ.

ಚಿಕ್ಕಬಳ್ಳಾಪುರದ ಕೋಟೆಗೆ ಗೆಜೆಟಿಯರ್ ಕೊಡುವ ಇಸವಿ 1479. ಅಂದರೆ ಮಗ ಊರು ಕಟ್ಟಿ 22 ವರ್ಷ ಕಳೆದ ಮೇಲೆ ಅಪ್ಪ ದೇವನಹಳ್ಳಿಯ ಕೋಟೆ ಕಟ್ಟಿಸಿದ ಲೆಕ್ಕವಾಯಿತು. ಆಗಬಾರದು ಎಂದೇನಿಲ್ಲ. ಆದರೆ ನಮ್ಮಲ್ಲಿ ತಾತನ ಹೆಸರು ಮೊಮ್ಮಗನಿಗೆ ಇಡುವುದು ರೂಢಿ. ಇಬ್ಬರೋ ಮೂವರೋ ಮಲ್ಲಭೈರೇಗೌಡರು ಒಬ್ಬನೊಳಗೇ ಸೇರಿಹೋಗಿರಬೇಕು ಎಂದು ನನಗೆ ಅನ್ನಿಸುತ್ತದೆ. ಯಲಹಂಕದ ಪಟ್ಟಿಯಲ್ಲೂ ಇಂಥದೇ ಗಂಟು. ಕೆಂಪನಂಜೇಗೌಡ 1443ರಿಂದ 1513ರವರೆಗೆ, ಅವನ ಮಗ ಕೆಂಪೇಗೌಡ 1513ರಿಂದ 1569ರವರೆಗೆ ಆಳಿದರೆಂದು ಪಟ್ಟಿ ಹೇಳುತ್ತದೆ. ಅಪ್ಪ ಮಗ ಇಬ್ಬರೇ ಸೇರಿ 126 ವರ್ಷ! ನಡುವೆ ಒಂದೆರಡು ತಲೆ ಬಿಟ್ಟುಹೋಗಿರಲಿಕ್ಕೆ ಸಾಕು.

ಮೊಲದ ಕಥೆಯಂತೂ ವಿಜಯನಗರ ಹುಟ್ಟಿದ ಕಥೆ, ಬೆಂಗಳೂರು ಹುಟ್ಟಿದ ಕಥೆಗಳಲ್ಲೂ ಇದೆ. ಆವತಿ ಗೌಡರು ತಮ್ಮ ಊರುಗಳಿಗೂ ಹಂಪಿಯ ಘನತೆ ಬರಲಿ ಎಂದು ಅದನ್ನು ತಂದುಕೊಂಡರೆಂದು ತಿಳಿಯುವುದೇ ಸರಿ. ಅರಸರ ಹಂಗಿನಲ್ಲಿದ್ದರೂ ಅವರ ಸರಿಸಮಕ್ಕೆ ನಿಲ್ಲುವ ಹಂಬಲ ಅದರಲ್ಲಿದೆ.

ಬಾಕ್ಸ್: ಹಡಗಿನವರು, ಬಂಡಿಯವರು

ಅಮೆರಿಕದಲ್ಲಿ ಮೊದಲು ನೆಲೆಸಿದವರ ವಂಶ ಹುಡುಕುವುದು ಮನೆಮನೆಯ ಹವ್ಯಾಸ. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಹೋದ 102 ಪ್ರಯಾಣಿಕರ ಸಂತತಿಯವರಿಗೆಂದು 1897ರಲ್ಲೇ ಸಂಘ ಹುಟ್ಟಿದೆ. ಸದಸ್ಯರಾಗಲು ಒಂದೊಂದು ತಲೆಮಾರಿಗೂ ದಾಖಲೆ ಕೊಡಬೇಕು. ಅವರಿಗೆ ಚರ್ಚಿನ ದಫ್ತರಗಳಿವೆ, ಉಯಿಲುಗಳಿವೆ, 1790ರಿಂದ ಹತ್ತು ವರ್ಷಕ್ಕೊಂದು ಜನಗಣತಿ ಇದೆ. ಆವತಿಯ ಬಂಡಿಗಳು ಆ ಹಡಗಿಗಿಂತ ಸುಮಾರು ಇನ್ನೂರು ವರ್ಷ ಹಳೆಯವು. ಇಲ್ಲಿಯ ದಾಖಲೆಗಳು ಕಲ್ಲಿನ ಮೇಲಿವೆ, ಗುಡಿಯಲ್ಲಿವೆ, ನಾಲಿಗೆಯ ಮೇಲಿವೆ.

ಕಲ್ಲು ಏನು ಹೇಳುತ್ತದೆ

ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಮೈಸೂರು ಸೀಮೆಯ ಶಾಸನಗಳನ್ನು ಹಳ್ಳಿ ಹಳ್ಳಿಯಿಂದ ಓದಿಸಿ ತರಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂದು ಸಂಪುಟಗಳಾಗಿ ಅಚ್ಚು ಹಾಕಿಸಿದರು. 1905ರ ಒಂಬತ್ತನೇ ಸಂಪುಟ ಬೆಂಗಳೂರು ಜಿಲ್ಲೆಯದು. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಕಲ್ಲುಗಳು ಅದರಲ್ಲಿವೆ.

ಆ ಶಾಸನಗಳಲ್ಲಿ ಈ ಗೌಡರು ತಮ್ಮನ್ನು ಚತುರ್ಥ ಗೋತ್ರದವರೆಂದೂ ಆವತಿ ನಾಡಪ್ರಭುಗಳೆಂದೂ ಹೇಳಿಕೊಳ್ಳುತ್ತಾರೆ. ನೆಲೆ ಬೇರೆ ಊರಿಗೆ ಸರಿದಿದ್ದರೂ ಹೆಸರಿನ ಮುಂದೆ ಆವತಿ ಬಿಡಲಿಲ್ಲ. ಗದ್ದೆ ಬಿಟ್ಟದ್ದು, ಗುಡಿಗೆ ದತ್ತಿ ಕೊಟ್ಟದ್ದು, ಅದನ್ನು ಕೆಡಿಸಿದವರಿಗೆ ಶಾಪ: ಶಾಸನದ ಸಂಗತಿ ಇಷ್ಟೇ. ಆದರೆ ಕೊಟ್ಟವನ ಹೆಸರಿನ ಹಿಂದೆ ಅಪ್ಪನ ಹೆಸರು, ತಾತನ ಹೆಸರು ಬರುತ್ತದೆ. ಪಕ್ಕದಲ್ಲಿ ಶಕವರ್ಷ ಇರುತ್ತದೆ. ಭೈರೇಗೌಡರಲ್ಲಿ ಯಾರು ಯಾವ ಭೈರೇಗೌಡ ಎಂದು ಬಿಡಿಸಲು ನಂಬಬಹುದಾದ ಸಾಕ್ಷಿ ಅದೊಂದೇ.

ರೈಸ್ ಓದಿಸಿದ ಕಲ್ಲುಗಳೆಲ್ಲ ಈಗ ಇದ್ದಲ್ಲಿ ಇಲ್ಲ. ಹೊಲ ಬಡಾವಣೆಯಾದಾಗ, ರಸ್ತೆ ಅಗಲವಾದಾಗ ಎಷ್ಟೋ ಕಲ್ಲು ಮಣ್ಣು ಸೇರಿವೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಕೆಲವು ವರ್ಷಗಳಿಂದ ಉಳಿದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಡುತ್ತಿದೆ. ಸವೆದು ಕಣ್ಣಿಗೆ ಕಾಣದ ಅಕ್ಷರವೂ ಅದರಲ್ಲಿ ಓದಲು ಸಿಗುತ್ತದೆ. ಇಂಥ ಕೆಲಸ ನಡೆಯುತ್ತಿರುವುದು ನಮ್ಮ ಪುಣ್ಯ.

ಹೆಳವರು ಬಂದರು

ಅರಸುಮನೆಗಳಿಗೆ ಕಲ್ಲಿದೆ. ಅದೇ ಬಂಡಿಗಳಲ್ಲಿ, ಅವುಗಳ ಹಿಂದೆ ಬಂದ ಸಾಮಾನ್ಯ ಒಕ್ಕಲು ಮನೆಗಳಿಗೆ? ಅವರಿಗೆ ಹೆಳವರಿದ್ದರು.

ಸುಗ್ಗಿ ಮುಗಿದು ಕಣದಲ್ಲಿ ರಾಗಿ ರಾಶಿಯಾಗಿರುವ ಹೊತ್ತಿಗೆ ಹೆಳವ ಊರಿಗೆ ಬರುತ್ತಿದ್ದ. ಸಿಂಗರಿಸಿದ ಎತ್ತಿನ ಮೇಲೆ ಕಂಬಳಿ ಹೊದ್ದು ಕೂತವನು, ಕೈಯಲ್ಲಿ ಗಂಟೆ. ಮನೆ ಮುಂದೆ ಎತ್ತು ನಿಲ್ಲಿಸಿ ಆ ಮನೆಯ ಮೂಲಪುರುಷನಿಂದ ಶುರುಮಾಡುತ್ತಿದ್ದ: ಯಾವ ಊರಿಂದ ಬಂದರು, ಯಾಕೆ ಬಿಟ್ಟು ಬಂದರು, ಯಾರಿಗೆ ಎಷ್ಟು ಗಂಡುಮಕ್ಕಳು, ಯಾರು ಯಾವ ಊರಿಗೆ ಒಡೆದು ಹೋದರು, ಬಾವಿ ತೋಡಿಸಿದವರಾರು, ಮನೆದೇವರು ಯಾವುದು. ಮನೆಯವರು ಕೂತು ಕೇಳುತ್ತಿದ್ದರು. ಕೊನೆಗೆ ಅವನು ಕಳೆದ ಸಲ ಬಂದುಹೋದ ಮೇಲೆ ಹುಟ್ಟಿದ ಕೂಸುಗಳ ಹೆಸರು ಕೇಳಿ ಸೇರಿಸಿಕೊಳ್ಳುತ್ತಿದ್ದ. ಮೊರದ ತುಂಬ ಕಾಳು, ಬಟ್ಟೆ, ಅನುಕೂಲವಿದ್ದವರಿಂದ ಕರುವೋ ಕುರಿಯೋ ಅವನಿಗೆ ಸಲ್ಲುತ್ತಿತ್ತು. ತಲೆಮಾರುಗಳಿಂದ ಇಂಥ ಹೆಳವನಿಗೆ ಇಂಥ ಊರುಗಳು ಎಂಬ ಹಂಚಿಕೆ ಇತ್ತು. ಒಬ್ಬನ ಊರಿಗೆ ಇನ್ನೊಬ್ಬ ಕಾಲಿಡುವಂತಿಲ್ಲ. ತೆಲುಗು ಮಾತಿನ ಮನೆಗಳಿಗೆ ಇದೇ ಕೆಲಸಕ್ಕೆ ಪಿಚ್ಚಿಗುಂಟ್ಲವರು ಬರುತ್ತಿದ್ದರು.

ಹುಟ್ಟಿನಿಂದ ಕಾಲಿಲ್ಲದ ತಮ್ಮನಿಗೆ ಅಣ್ಣಂದಿರು ಎತ್ತು ಕೊಟ್ಟು, ನಮ್ಮ ಕುಲದ ಕಥೆ ಹೇಳಿಕೊಂಡು ನಮ್ಮ ಮಕ್ಕಳ ಮನೆಯಲ್ಲಿ ಪಡಿ ತೆಗೆದುಕೋ ಎಂದರು ಎಂಬುದು ಅವರ ಕುಲದ ಹುಟ್ಟಿನ ಕಥೆ. ಓಲೆಗರಿಯಿಂದ ಕಾಗದಕ್ಕೆ, ಕಾಗದದಿಂದ ನೋಟ್‌ಬುಕ್ಕಿಗೆ ಇಳಿದು ಬಂದ ಅವರ ಪುಸ್ತಕಗಳಲ್ಲಿ ಯಾವ ಸರ್ಕಾರಿ ಕಚೇರಿಯಲ್ಲೂ ಇಲ್ಲದಷ್ಟು ಮನೆತನಗಳ ಚರಿತ್ರೆ ಇದೆ. ಹೆಳವರ ಮಕ್ಕಳು ಬೇರೆ ಕಸುಬು ಹಿಡಿದಿದ್ದಾರೆ. ಹಿಡಿಯಲೇಬೇಕು, ಅದು ಅವರ ಹಕ್ಕು. ಪುಸ್ತಕಗಳು ಮಾತ್ರ ಅಟ್ಟದ ಮೇಲೆ ಗೆದ್ದಲಿಗೆ ಬೀಳಬಾರದು.

ಮನೆದೇವರ ದಾರಿ

ಹೆಣ್ಣು ಗಂಡು ನೋಡುವಾಗ ಈ ಸೀಮೆಯಲ್ಲಿ ಹಿರಿಯರು ಮೊದಲು ಕೇಳುವುದು ‘ನಿಮ್ದು ಯಾವ ಕುಲ? ಮನೆದೇವ್ರು ಯಾವ್ದು?’ ಎಂದು. ವಂಶ ಹುಡುಕುವವರಿಗೆ ಈ ಪ್ರಶ್ನೆ ದೊಡ್ಡ ಕೀಲಿ. ಊರು ಬಿಟ್ಟವರು ಹೊಲ ಮನೆ ಬಿಟ್ಟರು, ದೇವರನ್ನು ಬಿಡಲಿಲ್ಲ. ಮೂರು ತಲೆಮಾರಿನಿಂದ ನೆಲಮಂಗಲದಲ್ಲಿರುವ ಮನೆಯವರು ವರ್ಷಕ್ಕೊಮ್ಮೆ ಕೋಲಾರದ ಕಡೆಯ ಗುಡಿಗೆ ಹರಕೆ ಒಪ್ಪಿಸಲು ಹೋಗುತ್ತಾರೆಂದರೆ ಅವರ ಹಿಂದಿನ ನೆಲೆ ಯಾವ ದಿಕ್ಕಿನಲ್ಲಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆವತಿ ಬಳಗದವರು ಮೊರಸು ಒಕ್ಕಲಿಗರು. ಅವರ ದೇವರು ಭೈರವ. ಭೈರೇಗೌಡ ಎಂಬ ಹೆಸರು ಮತ್ತೆ ಮತ್ತೆ ಬರುವುದು ಅದಕ್ಕೇ. ಕೋಲಾರದ ಬಳಿಯ ಸೀತಿಬೆಟ್ಟ ಅವರಿಗೆ ದೊಡ್ಡ ಕ್ಷೇತ್ರ. ಬಂಡಿ ಕಟ್ಟಿಕೊಂಡು ಹೋಗಿ ಮಾಡುವ ಬಂಡಿ ದೇವರ ಪೂಜೆ ಅವರ ಆಚರಣೆಗಳಲ್ಲಿ ಮುಖ್ಯವಾದದ್ದು.

ಆ ಪೂಜೆಯ ಜೊತೆಗೆ ಒಂದು ಕಠಿಣ ಪದ್ಧತಿಯೂ ಇತ್ತು. ಹಿರಿಯ ಮಗಳ ಕಿವಿ ಚುಚ್ಚುವ ಮುನ್ನ ತಾಯಿ ತನ್ನ ಬಲಗೈಯ ಕೊನೆಯ ಎರಡು ಬೆರಳುಗಳ ತುದಿಗೆಣ್ಣು ಕೊಡಬೇಕಿತ್ತು. ಭಸ್ಮಾಸುರನಿಗೆ ಹೆದರಿ ಅಡಗಿದ್ದ ಶಿವನನ್ನು ಒಕ್ಕಲಿಗನೊಬ್ಬ ಕಿರುಬೆರಳಲ್ಲಿ ತೋರಿಸಿಕೊಟ್ಟನಂತೆ. ಆ ತಪ್ಪಿಗೆ ಅವನ ಬೆರಳು ಹೋಗುವುದಿತ್ತು; ಗಂಡನಿಗೆ ನೇಗಿಲು ಹಿಡಿಯಲು ಕೈ ಬೇಕೆಂದು ಹೆಂಡತಿ ತನ್ನದನ್ನು ಕೊಟ್ಟಳಂತೆ. 19ನೇ ಶತಮಾನದಲ್ಲಿ ಮೈಸೂರು ಸರ್ಕಾರ ಇದನ್ನು ನಿಲ್ಲಿಸಿತು. ಆಮೇಲೆ ಬೆರಳಿಗೆ ಚಿನ್ನದ್ದೋ ಬೆಳ್ಳಿಯದ್ದೋ ಸುತ್ತು ತೊಡಿಸಿ ತೆಗೆಯುವ ಶಾಸ್ತ್ರ ಉಳಿಯಿತು.

ಬಂಡಿಗಳ ಕಥೆ ಒಬ್ಬ ಹುಡುಗಿಯಿಂದ ಶುರುವಾಗುತ್ತದೆ. ಹೊಳೆ ದಾಟಿಸಿದವಳು ಅವಳು. ಬೆರಳು ಕೊಟ್ಟವರು ಹೆಣ್ಣುಮಕ್ಕಳು. ಬೆಂಗಳೂರು ಕೋಟೆಯ ಬಾಗಿಲು ನಿಲ್ಲಲಿ ಎಂದು ಪ್ರಾಣ ಬಿಟ್ಟಳೆಂದು ಜನ ನಂಬುವ ಕೆಂಪೇಗೌಡರ ಸೊಸೆಯ ಸ್ಮಾರಕ ಕೋರಮಂಗಲದಲ್ಲಿದೆ. ಆದರೆ ಅಚ್ಚಾದ ಯಾವ ವಂಶಾವಳಿಯನ್ನೇ ತೆಗೆಯಿರಿ, ಅಪ್ಪ, ಮಗ, ಮೊಮ್ಮಗ ಅಷ್ಟೇ. ದೊಡ್ಡಮ್ಮ ಮುಂದೆ ಯಾರ ಮನೆ ತುಂಬಿದಳು, ಅವಳ ಮಕ್ಕಳು ಯಾರು ಎಂಬುದಕ್ಕೆ ಆ ಪಟ್ಟಿಗಳಲ್ಲಿ ಜಾಗವಿಲ್ಲ. ಇದು ಸಣ್ಣ ಕೊರತೆಯಲ್ಲ. ಮದುವೆಯ ಸಂಬಂಧ ತಿಳಿಯದೆ ಸುಗಟೂರು, ಯಲಹಂಕ, ದೇವನಹಳ್ಳಿಯ ಮನೆಗಳು ಒಂದಕ್ಕೊಂದು ಹೇಗೆ ಬೆಸೆದಿದ್ದವು ಎಂಬುದು ತಿಳಿಯುವುದೇ ಇಲ್ಲ.

ಬಾಕ್ಸ್: ಕೋಟೆಗಳು ಕೈತಪ್ಪಿದ್ದು

1638: ಬಿಜಾಪುರದ ರಣದುಲ್ಲಾಖಾನ್ ಮತ್ತು ಷಹಾಜಿಯ ದಂಡಯಾತ್ರೆ. ಬೆಂಗಳೂರು ಹೋಯಿತು; ಕೆಂಪೇಗೌಡರ ಮನೆತನ ಮಾಗಡಿಗೆ ಸರಿಯಿತು. ದೊಡ್ಡಬಳ್ಳಾಪುರ, ಹೊಸಕೋಟೆಗಳು ಷಹಾಜಿಯ ಜಹಗೀರಿಗೆ ಸೇರಿದವು.

1728: ಮಾಗಡಿ ಮೈಸೂರಿನ ವಶ. ಕೊನೆಯ ಪ್ರಭು ಶ್ರೀರಂಗಪಟ್ಟಣದ ಸೆರೆಯಲ್ಲಿ ತೀರಿಕೊಂಡ.

1749: ದೇವನಹಳ್ಳಿ ಮೈಸೂರಿನ ವಶ. ಹೈದರಾಲಿ ಮೊದಲು ಹೆಸರು ಮಾಡಿದ್ದು ಈ ಮುತ್ತಿಗೆಯಲ್ಲಿ. ಟಿಪ್ಪು ಹುಟ್ಟಿದ್ದೂ ಇದೇ ಊರಿನಲ್ಲಿ.

1762: ಹೈದರಾಲಿ ಚಿಕ್ಕಬಳ್ಳಾಪುರ ಗೆದ್ದ. 1791ರಲ್ಲಿ ಕಾರ್ನ್‌ವಾಲಿಸ್ ಹಳೆಯ ಮನೆತನದ ನಾರಾಯಣಗೌಡನನ್ನು ಮತ್ತೆ ಕೂರಿಸಿದ. ಟಿಪ್ಪು ಮತ್ತೆ ಕಿತ್ತುಕೊಂಡ.

ಚಿಕ್ಕರಾಯರು ಎಲ್ಲಿ ಹೋದರು

ಕೋಟೆ ಹೋದರೂ ಮನೆತನ ಮುಗಿಯಲಿಲ್ಲ. ಸುಗಟೂರಿನವರು ಪೂರ್ವಕ್ಕೆ ಸರಿದು ಈಗಿನ ಆಂಧ್ರದ ಚಿತ್ತೂರು ಸೀಮೆಯ ಪುಂಗನೂರಿನಲ್ಲಿ ನಿಂತರು. ಪುಂಗನೂರು ಜಮೀನ್ದಾರರು ಬ್ರಿಟಿಷರ ಕಾಲದಲ್ಲೂ ಚಿಕ್ಕರಾಯಲ್ ಎಂದೇ ರುಜು ಹಾಕುತ್ತಿದ್ದ ಮನೆತನ. ಹೊಸಕೋಟೆ ಕಟ್ಟಿದವನಿಗೆ ವಿಜಯನಗರ ಕೊಟ್ಟ ಬಿರುದು, ಕೋಟೆ ಕೈತಪ್ಪಿ ಮುನ್ನೂರು ವರ್ಷ ಕಳೆದರೂ ಗಡಿಯಾಚೆ ಹೆಸರಿನ ಭಾಗವಾಗಿ ಬಾಳಿತು. ಗಿಡ್ಡ ಕಾಲಿನ ಪುಂಗನೂರು ಹಸುವನ್ನು ಎಲ್ಲರೂ ಬಲ್ಲರು; ಆ ಊರಿಗೂ ಹೊಸಕೋಟೆಗೂ ಇರುವ ಈ ನಂಟು ಶಾಲೆಯ ಪಾಠದಲ್ಲಿ ಬರಬೇಕಿತ್ತು.

ಉಳಿದ ಕವಲುಗಳವರು ಹಳ್ಳಿಗಳಲ್ಲಿ ಕರಗಿದರು. ಕೆಲವರು ಪಟೇಲರಾದರು. ಗ್ರಾಮಾಧಿಕಾರ ರದ್ದತಿಯ 1961ರ ಕಾಯ್ದೆ 1963ರಲ್ಲಿ ಜಾರಿಯಾಗಿ ಪಟೇಲಿಕೆಯೂ ಹೋಯಿತು. ಉಳಿದದ್ದು ನೆಲ.

ಆ ನೆಲದ ದೆಸೆಯಿಂದ ಈಗ ವಂಶವೃಕ್ಷ ಎಂಬ ಮಾತು ದೇವನಹಳ್ಳಿಯ ದಿನಬಳಕೆಗೆ ಬಂದಿದೆ. ಪೌತಿ ಖಾತೆಗೆ, ಭಾಗಕ್ಕೆ, ಪರಿಹಾರಕ್ಕೆ ನಾಡಕಚೇರಿಯಿಂದ ವಂಶವೃಕ್ಷದ ದೃಢೀಕರಣ ತರಬೇಕು. ಅದರಲ್ಲಿ ಸಾಮಾನ್ಯವಾಗಿ ಮೂರೋ ನಾಲ್ಕೋ ತಲೆಮಾರು. ಅದರಾಚೆ ಕಚೇರಿಗೆ ಬೇಕಿಲ್ಲ. ನೆಲ ಮಾರಿಹೋದ ಮೇಲೆ ಮನೆಯವರಿಗೂ ಬೇಡವಾಗುತ್ತದೆ.

ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳವರು ಹಾಗಾಗಲು ಬಿಡಲಿಲ್ಲ. 1,777 ಎಕರೆ ಸ್ವಾಧೀನದ ವಿರುದ್ಧ 2022ರ ಏಪ್ರಿಲ್‌ನಿಂದ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನ ಕೈಬಿಟ್ಟಿತು. ಅಲ್ಲಿ ಕೂತವರಲ್ಲಿ ಹಲವು ಜಾತಿಯವರಿದ್ದರು. ಈ ಸೀಮೆ ಗೌಡರು ಮಾತ್ರ ಕಟ್ಟಿದ್ದಲ್ಲ. ಬಾವಿ ತೋಡಿದವರು, ಕೆರೆಯ ಏರಿಗೆ ಮಣ್ಣು ಹೊತ್ತವರು, ಕೋಟೆಗೆ ಕಲ್ಲು ಒಡೆದವರು, ತೂಬಿನ ನೀರು ಕಾದ ನೀರಗಂಟಿಗಳು ಎಲ್ಲರ ಮನೆತನಗಳೂ ಇಲ್ಲಿವೆ, ಅವರ ಜಾಡೂ ಅಷ್ಟೇ ಹಳೆಯದು. ಅವರ ಹೆಸರು ಹೇಳುವ ಶಾಸನಗಳು ತೀರಾ ವಿರಳ. ಹಾಗಾಗಿ ಅವರ ಮನೆಯ ಹಿರಿಯರ ಮಾತನ್ನು ಮೊದಲು ಬರೆದುಕೊಳ್ಳಬೇಕು.

ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕೆಂಪೇಗೌಡ ಅಧ್ಯಯನ ಕೇಂದ್ರವಿದೆ. ಜಯಂತಿಯ ಮೆರವಣಿಗೆಗೆ ತಗಲುವ ಖರ್ಚಿನಲ್ಲಿ ಒಂದು ಪಾಲು ಸಾಕು: ಹೆಳವರ ಪುಸ್ತಕಗಳ ಪುಟಪುಟವನ್ನೂ ಫೋಟೊ ತೆಗೆಸಿ, ಆ ಹೆಳವರಿಗೆ ಗೌರವಧನ ಕೊಟ್ಟು ಅವರ ಬಾಯಿಂದಲೇ ಓದಿಸಿ ಧ್ವನಿ ಹಿಡಿದಿಡಬಹುದು; ಒಂಬತ್ತನೇ ಸಂಪುಟದ ಶಾಸನಗಳ ಪಕ್ಕದಲ್ಲಿಟ್ಟು ತಾಳೆ ನೋಡಬಹುದು; ಪುಂಗನೂರು, ಕೊರಟಗೆರೆ, ಮಾಗಡಿ, ಹೊಸಕೋಟೆಯ ಮನೆಗಳಿಂದ ತಾಯಂದಿರ, ಸೊಸೆಯಂದಿರ ತವರೂರುಗಳ ಪಟ್ಟಿ ತರಿಸಬಹುದು. ಅದೆಲ್ಲವನ್ನೂ ಇಡುವ ಜಾಗ ಆವತಿಯಲ್ಲೇ ಇರಲಿ. ಮುಂದಿನ ಮಾರ್ನಮಿಗೆ ಹಿರಿಯರಿಗೆ ಎಡೆ ಇಡುವಾಗ ಅಜ್ಜಿ ಹೇಳುವ ಹೆಸರುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವುದಕ್ಕಂತೂ ಯಾವ ವಿಶ್ವವಿದ್ಯಾಲಯವೂ ಬೇಡ.